ಇಡುವವನೂ ಹುಡುಕುವವನೂ

ಮನೆಯ ಸಾಮಾನುಗಳನ್ನು ಓರಣವಾಗಿ ಇಡುವುದು ಧರ್ಮದ ವಿಷಯವೋ ರುಚಿಯ ವಿಷಯವೋ ಎಂದು ಕೇಳಿದರೆ, ರುಚಿಯ ವಿಷಯವೆಂದೇ ಬಹುಮಂದಿ ಉತ್ತರ ಹೇಳಿಯಾರು. ಒಬ್ಬಳಿಗೆ ಪಾತ್ರೆಗಳು ಗಾತ್ರವರಿತು ಸಾಲಾಗಿ ಬೋರಲು ನಿಂತಿರಬೇಕು. ಮತ್ತೊಬ್ಬಳಿಗೆ ಬೇಕಾದಾಗ ಕೈಗೆ ಸಿಕ್ಕಿದರೆ ಸಾಕು. ಮೊದಲನೆಯವಳನ್ನು ಪುಣ್ಯವಂತೆಯೆಂದೂ ಎರಡನೆಯವಳನ್ನು ಪಾಪಿಷ್ಠೆಯೆಂದೂ ಕರೆಯುವುದು ವಿವೇಕವಲ್ಲ. ಪಾತ್ರೆಯು ತಾನೇನೆಂಬುದನ್ನು ತಾನೇ ಹೇಳುತ್ತದೆ. ಕತ್ತಲಲ್ಲಿ ತಡವಿದರೂ ತಂಬಿಗೆ ತಂಬಿಗೆಯೇ, ಸೌಟು ಸೌಟೇ. ಕಾಗದಪತ್ರಗಳ ಮಾತು ಹಾಗಲ್ಲ. ಬಿಡಿಸಿ ಓದಿದ ಹೊರತು ಅವು ಬಾಯಿ ಬಿಡುವುದಿಲ್ಲ. ಇನ್ನು ಕಂಪ್ಯೂಟರಿನೊಳಗೆ ಇಟ್ಟ ಬರೆಹಕ್ಕಂತೂ ಕಾಗದಕ್ಕಿರುವ ಬಣ್ಣವಾಗಲಿ ದಪ್ಪವಾಗಲಿ ಮಾಸಿದ ಅಂಚಾಗಲಿ ಇಲ್ಲ. ಹೊರಗೆ ಕಾಣುವುದು ಒಂದು ಹೆಸರು, ಒಂದು ತಾರೀಖು, ಇಷ್ಟೆ.

ಈಗಿನ ಸಾಧಾರಣವಾದ ಒಂದು ಮನೆಯ ಕಂಪ್ಯೂಟರನ್ನು ತೆರೆದು ನೋಡಬಹುದು. ನಿವೇಶನದ ಕ್ರಯಪತ್ರದ ನಕಲು, ವಿಮೆಯ ಪಾಲಿಸಿ, ಮಗಳ ಅಂಕಪಟ್ಟಿ, ತಾಯಿಯ ರಕ್ತಪರೀಕ್ಷೆಯ ವರದಿ, ಕಂದಾಯ ಕಟ್ಟಿದ ರಸೀದಿ, ಮದುವೆಯ ಚಿತ್ರಗಳು, ಅರ್ಧ ಬರೆದು ಬಿಟ್ಟ ಕಾಗದಗಳು, ಎಲ್ಲವೂ ಒಂದೇ ಪರದೆಯ ಮೇಲೆ ಸಂತೆಯ ಸರಕಿನಂತೆ ಹರಡಿಕೊಂಡಿರುತ್ತವೆ. ‘ಹೊಸ ಫೋಲ್ಡರು’ ಎಂಬುದೊಂದು, ‘ಹೊಸ ಫೋಲ್ಡರು ೨’ ಎಂಬುದೊಂದು, ‘ಹೊಸ ಫೋಲ್ಡರು ೩’ ಎಂಬುದು ಮತ್ತೊಂದು. ಮೂರೂ ಹತ್ತು ವರ್ಷದ ಹಳೆಯವು. ‘ಅಂತಿಮ’ ಎಂಬ ಹೆಸರಿನ ಫೈಲಿನ ಮಗ್ಗುಲಲ್ಲಿ ‘ನಿಜವಾದ ಅಂತಿಮ’ ಎಂಬುದು ಕುಳಿತಿರುತ್ತದೆ. ಇದೇನು ಈ ಅವಸ್ಥೆಯೆಂದು ಮನೆಯ ಯಜಮಾನನನ್ನು ಕೇಳಿದರೆ, “ಜೋಡಿಸುವುದೇತಕ್ಕೆ? ಬೇಕಾದಾಗ ಯಂತ್ರವೇ ಹುಡುಕಿಕೊಡುತ್ತದೆಯಲ್ಲ!” ಎನ್ನುತ್ತಾನೆ. ಇದು ಬರಿಯ ಸೋಮಾರಿಯ ಉತ್ತರವೆಂದು ತಳ್ಳಿಹಾಕತಕ್ಕದ್ದಲ್ಲ. ಹುಡುಕುವ ಕೆಲಸವನ್ನು ಯಂತ್ರವು ವಹಿಸಿಕೊಂಡ ಮೇಲೆ ಜೋಡಿಸುವ ಕರ್ತವ್ಯವು ಮನುಷ್ಯನಿಗೆ ಉಳಿಯುತ್ತದೆಯೆ? ಉಳಿಯುವುದಾದರೆ, ಅದನ್ನು ಮಾಡದವನು ಯಾರಿಗೆ ತಪ್ಪಿತಸ್ಥನು? ಪ್ರಶ್ನೆಯು ಸಣ್ಣದಾಗಿ ಕಂಡರೂ ವಿಚಾರಮಾಡಲು ಯೋಗ್ಯವಾಗಿದೆ.

ಫೈಲೆಂಬುದಕ್ಕೆ ಕನ್ನಡದ ಕಚೇರಿಗಳಲ್ಲಿ ‘ಕಡತ’ವೆಂದು ಹೆಸರು. ಈ ಮಾತಿನ ಹಿಂದೆ ಒಂದು ವಸ್ತುವಿದೆ. ಹುಣಿಸೆಯ ಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಟ್ಟೆಗೆ ಬಳಿದು, ಒಣಗಿಸಿ, ಅದು ಕಪ್ಪುಹಲಗೆಯಂತೆ ಬಿರುಸಾದ ಮೇಲೆ ಮಡಿಕೆ ಮಡಿಕೆಯಾಗಿ ಮಡಿಸಿ, ಎರಡು ಕೊನೆಗಳಿಗೂ ಮರದ ಹಲಗೆಗಳನ್ನು ಸೇರಿಸಿದರೆ ಅದೇ ಕಡತ. ಬರೆಯುವುದಕ್ಕೆ ಬಳಪ. ಮೈಸೂರು ಸೀಮೆಯ ವರ್ತಕರು ತಮ್ಮ ಲೆಕ್ಕಗಳನ್ನು ಇದರಲ್ಲಿ ಬರೆಯುತ್ತಿದ್ದರು. ಶೃಂಗೇರಿಯ ಮಠದ ದಾಖಲೆಗಳಲ್ಲಿಯೂ ಕಡತಗಳುಂಟು. ೧೮೧೦ರಲ್ಲಿ ಮೈಸೂರಿನ ಚರಿತ್ರೆಯ ಮೊದಲ ಸಂಪುಟವನ್ನು ಅಚ್ಚುಹಾಕಿಸಿದ ಮಾರ್ಕ್ ವಿಲ್ಕ್ಸನು ಇವನ್ನು ಕಂಡು ವರ್ಣಿಸಿದ್ದಾನೆ. ತಾಳೆಯ ಗರಿಯ ಮೇಲೆ ಕಂಠದಿಂದ ಕೊರೆದದ್ದು ಕೊರೆದದ್ದೇ. ಕಡತವಾದರೋ ಬರೆದದ್ದನ್ನು ಒರೆಸಿ ಅದೇ ಜಾಗದಲ್ಲಿ ಮತ್ತೊಂದನ್ನು ಬರೆಯಲು ಎಡೆಗೊಡುತ್ತದೆ. ಈ ಒಂದು ಗುಣದಿಂದ ಅದು ತಾಳೆಯೋಲೆಗಿಂತಲೂ ಕಂಪ್ಯೂಟರಿನ ಫೈಲಿಗೇ ಹತ್ತಿರದ ನೆಂಟನೆನ್ನಬಹುದು. ಹಳೆಯ ಮಾತನ್ನು ಹೊಸ ವಸ್ತುವಿಗೆ ಇಟ್ಟವರು ಇಷ್ಟನ್ನೆಲ್ಲ ಯೋಚಿಸಿದ್ದರೋ ಇಲ್ಲವೋ, ಮಾತು ಮಾತ್ರ ಚೆನ್ನಾಗಿ ಒಪ್ಪಿದೆ.

ಯಂತ್ರದಲ್ಲಿ ಹೆಸರಿಗೂ ವಸ್ತುವಿಗೂ ಇರುವ ಸಂಬಂಧವು ವಿಚಿತ್ರವಾದದ್ದು. ೧೯೬೯ರಿಂದ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ರೂಪುಗೊಂಡ ಯುನಿಕ್ಸ್ ಎಂಬ ವ್ಯವಸ್ಥೆಯಲ್ಲಿ ಪ್ರತಿಯೊಂದು ಫೈಲನ್ನೂ ಯಂತ್ರವು ಒಂದು ಸಂಖ್ಯೆಯಿಂದ ಗುರುತಿಸುತ್ತದೆ. ಹೆಸರು ಫೈಲಿನೊಳಗೆ ಇರುವುದಿಲ್ಲ. ಇಂಥ ಹೆಸರಿಗೆ ಇಂಥ ಸಂಖ್ಯೆ ಎಂಬ ಪಟ್ಟಿಯಲ್ಲಿರುತ್ತದೆ. ಆದಕಾರಣ ಒಂದೇ ಫೈಲಿಗೆ ಎರಡು ಮೂರು ಹೆಸರುಗಳು ಬೇರೆ ಬೇರೆ ಸ್ಥಳಗಳಲ್ಲಿ ಇರಬಹುದು. ಒಂದು ಹೆಸರನ್ನು ಅಳಿಸಿದರೆ ವಸ್ತುವಿಗೆ ಏನೂ ಆಗುವುದಿಲ್ಲ. ಕಡೆಯ ಹೆಸರೂ ಅಳಿದು, ಯಾವ ಕೆಲಸದಲ್ಲಿಯೂ ಅದು ತೊಡಗಿಲ್ಲವೆಂದಾದಾಗ, ಅದಿದ್ದ ಸ್ಥಳವು ಬರಿದೆಂದು ಯಂತ್ರವು ಲೆಕ್ಕಹಾಕುತ್ತದೆ. ಹಳೆಯ ಬಗೆಯ ತಟ್ಟೆಗಳಲ್ಲಿ ಬರೆಹವು ಆಮೇಲೂ ಹಾಗೆಯೇ ಬಿದ್ದಿರುತ್ತದೆ. ಅದರ ಮೇಲೆ ಮತ್ತೊಂದು ಬರೆಹ ಬೀಳುವವರೆಗೆ ಅದು ಇದ್ದೂ ಇಲ್ಲದಂತೆ. ನಾಮರೂಪಗಳ ವಿಚಾರದಲ್ಲಿ ನಾಮವು ಬರಿಯ ಉಪಾಧಿಯೆಂದು ಹಗುರವಾಗಿ ಮಾತನಾಡುವವರು ಇದನ್ನು ಒಮ್ಮೆ ನೋಡುವುದು ಒಳ್ಳೆಯದು.

ಹೆಸರಿಡುವುದಕ್ಕೂ ಒಂದು ಚರಿತ್ರೆಯುಂಟು. ಮನೆಮನೆಗೆ ಕಂಪ್ಯೂಟರು ಬರಲು ಮೊದಲಿಟ್ಟ ಕಾಲದಲ್ಲಿ, ಎಂದರೆ ೧೯೮೧ರಲ್ಲಿ ಹೊರಬಂದ ಎಂ. ಎಸ್. ಡಾಸ್ ಎಂಬುದರ ಮೊದಲ ಆವೃತ್ತಿಯಲ್ಲಿ, ಒಂದು ತಟ್ಟೆಯ ಮೇಲಣ ಫೈಲುಗಳೆಲ್ಲ ಒಂದೇ ಪಟ್ಟಿಯಲ್ಲಿ ಇರಬೇಕಾಗಿತ್ತು. ೧೯೮೩ರ ಎರಡನೆಯ ಆವೃತ್ತಿಯಲ್ಲಿ ಅರೆಯೊಳಗೆ ಅರೆಯನ್ನು ಮಾಡಿಕೊಳ್ಳುವ ಅನುಕೂಲ ಬಂತು. ಹೆಸರಾದರೋ ಎಂಟು ಅಕ್ಷರಗಳನ್ನು ಮೀರುವಂತಿರಲಿಲ್ಲ. ಚುಕ್ಕೆಯ ಆಚೆಗೆ ಜಾತಿಯನ್ನು ಸೂಚಿಸಲು ಮತ್ತೆ ಮೂರು. ೧೯೯೫ರ ವಿಂಡೋಸಿನಲ್ಲಿ ಈ ಬಂಧನವು ಕಳಚಿ ೨೫೫ ಅಕ್ಷರಗಳವರೆಗೆ ಹೆಸರಿಡಬಹುದೆಂದಾಯಿತು. ಎಂಟು ಅಕ್ಷರಗಳ ಕಾಲದಲ್ಲಿ ಮನುಷ್ಯನು ಹೆಸರಿನ ವಿಷಯದಲ್ಲಿ ಕೃಪಣನಾಗಿದ್ದದ್ದು ಕ್ಷಮಿಸತಕ್ಕದ್ದು. ಇನ್ನೂರೈವತ್ತೈದು ಅಕ್ಷರಗಳು ಕೈಗೆ ಬಂದ ಮೇಲೂ ‘ಹೊಸದು ೨’ ಎಂದೇ ಬರೆಯುತ್ತ ಬಂದಿದ್ದಾನೆಂದರೆ, ಕೊರತೆಯಿದ್ದದ್ದು ಯಂತ್ರದಲ್ಲಿ ಮಾತ್ರವಲ್ಲವೆಂದು ತಿಳಿಯುತ್ತದೆ.

ಆದರೂ ಎಲ್ಲ ಅಪರಾಧವನ್ನೂ ಸೋಮಾರಿತನದ ತಲೆಗೆ ಕಟ್ಟುವುದು ನ್ಯಾಯವಲ್ಲ. ವಿಂಗಡಿಸುವ ಕೆಲಸದಲ್ಲಿಯೇ ಒಂದು ಸಹಜವಾದ ತೊಡಕಿದೆ. ನ್ಯಾಯವೈಶೇಷಿಕರು ಇದನ್ನು ಬಹು ಹಿಂದೆಯೇ ಕಂಡಿದ್ದರು. ಉದಯನಾಚಾರ್ಯನು ಜಾತಿಬಾಧಕಗಳನ್ನು ಎಣಿಸುವಾಗ ಸಂಕರವೆಂಬುದನ್ನು ಅವುಗಳಲ್ಲಿ ಒಂದಾಗಿ ಎಣಿಸಿದ್ದಾನೆ. ಆಕಾಶದಲ್ಲಿ ಭೂತತ್ವವುಂಟು, ಮೂರ್ತತ್ವವಿಲ್ಲ. ಮನಸ್ಸಿನಲ್ಲಿ ಮೂರ್ತತ್ವವುಂಟು, ಭೂತತ್ವವಿಲ್ಲ. ಪೃಥಿವಿಯಲ್ಲಿ ಎರಡೂ ಉಂಟು. ಹೀಗೆ ಒಂದನ್ನೊಂದು ಬಿಟ್ಟೂ ಇರುವ, ಕೂಡಿಯೂ ಇರುವ ಧರ್ಮಗಳನ್ನು ಮೇಲು ಕೆಳಗಾಗಿ ಒಂದೇ ಮರದ ಕೊಂಬೆಗಳಲ್ಲಿ ನಿಲ್ಲಿಸುವುದು ಆಗದು. ಗೃಹಸ್ಥನ ಕೈಯಲ್ಲಿರುವ ಒಂದು ಸಾಮಾನ್ಯ ಪತ್ರವನ್ನು ತೆಗೆದುಕೊಂಡರೆ ಸಾಕು: ಮನೆಯ ಸಾಲಕ್ಕೆ ಈ ವರ್ಷ ಕಟ್ಟಿದ ಬಡ್ಡಿಯೆಷ್ಟೆಂದು ಬ್ಯಾಂಕಿನವರು ಕೊಟ್ಟ ಪ್ರಮಾಣಪತ್ರ. ಅದು ‘ಮನೆ’ ಎಂಬ ಫೋಲ್ಡರಿಗೆ ಸೇರಿದ್ದೋ, ‘ಬ್ಯಾಂಕು’ ಎಂಬುದಕ್ಕೋ, ‘ಆದಾಯ ತೆರಿಗೆ’ಗೋ, ಈ ವರ್ಷದ ಕಾಗದಗಳಿಗೋ? ನಾಲ್ಕಕ್ಕೂ ಸೇರಿದ್ದು, ಇಡಬೇಕಾದದ್ದು ಒಂದು ಕಡೆ. ಇಡುವಾಗ ತೆರಿಗೆಯ ಚಿಂತೆಯಲ್ಲಿದ್ದವನು ತೆರಿಗೆಯಲ್ಲಿಟ್ಟನು, ಮೂರು ವರ್ಷದ ಮೇಲೆ ಮನೆಯ ಚಿಂತೆಯಲ್ಲಿ ಹುಡುಕಿದನು, ಸಿಕ್ಕಲಿಲ್ಲ. ಇಟ್ಟವನೂ ಅವನೇ, ಹುಡುಕುವವನೂ ಅವನೇ, ಆದರೂ ಇಬ್ಬರಿಗೂ ಪರಿಚಯವಿಲ್ಲ.

ಗ್ರಂಥಭಂಡಾರಗಳಲ್ಲಿ ಈ ತೊಡಕಿಗೆ ಪರಿಹಾರವನ್ನು ಹುಡುಕಿದವರಲ್ಲಿ ಎಸ್. ಆರ್. ರಂಗನಾಥನ್ ಅವರ ಹೆಸರು ದೊಡ್ಡದು. ಪುಸ್ತಕವನ್ನು ಒಂದೇ ಕೊಂಬೆಗೆ ಕಟ್ಟದೆ, ಅದರ ವಿಷಯದ ಮುಖಗಳನ್ನು ಬೇರೆ ಬೇರೆಯಾಗಿ ಗುರುತಿಸಿ ಆ ಗುರುತುಗಳನ್ನು ಕೂಡಿಸಿ ಬರೆಯುವ ದ್ವಿಬಿಂದು ವರ್ಗೀಕರಣವನ್ನು ಅವರು ೧೯೩೩ರಲ್ಲಿ ಪ್ರಕಟಿಸಿದರು. ಅದಕ್ಕೂ ಎರಡು ವರ್ಷ ಹಿಂದೆ ಬರೆದ ಪಂಚಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಕಾಲವನ್ನು ಉಳಿಸಬೇಕೆಂಬುದು. ೧೯೬೨ರಲ್ಲಿ ಬೆಂಗಳೂರಿನಲ್ಲಿ ಇದೇ ಶಾಸ್ತ್ರದ ಸಂಶೋಧನೆಗೆ ಒಂದು ಕೇಂದ್ರವನ್ನು ಅವರು ಸ್ಥಾಪಿಸಿದರು. ೧೯೭೨ರಲ್ಲಿ ಅವರು ತೀರಿಕೊಂಡದ್ದೂ ಆ ನಗರದಲ್ಲಿಯೇ. ಅವರ ಸೂತ್ರದಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಉಳಿಸಬೇಕಾದದ್ದು ಇಡುವವನ ಕಾಲವನ್ನಲ್ಲ, ಹುಡುಕುವವನ ಕಾಲವನ್ನು. ಭಂಡಾರಿಯು ಒಂದು ಗಂಟೆ ಹೆಚ್ಚಾಗಿ ದುಡಿದರೆ ನೂರು ಜನ ಓದುಗರಿಗೆ ಐದೈದು ನಿಮಿಷ ಉಳಿಯುತ್ತದೆ. ಮನೆಯಲ್ಲಿ ಓದುಗರು ನೂರು ಜನರಿಲ್ಲ, ಮೂವರೋ ನಾಲ್ವರೋ ಇದ್ದಾರೆ; ಆದುದರಿಂದ ಲೆಕ್ಕವು ಹಾಗೆ ಕೂಡಿಬರುವುದಿಲ್ಲ ಎಂದು ಆಕ್ಷೇಪಿಸಬಹುದು.

ಇಲ್ಲಿ ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆಯೇ ಕೇಳಬೇಕು. ೧೯೪೫ರಲ್ಲಿ ವ್ಯಾನೆವಾರ್ ಬುಷ್ ಎಂಬ ಅಮೆರಿಕದ ವಿಜ್ಞಾನಿಯು ‘ಅಟ್ಲಾಂಟಿಕ್’ ಮಾಸಪತ್ರಿಕೆಯಲ್ಲಿ ಬರೆದ ಪ್ರಸಿದ್ಧವಾದ ಲೇಖನದಲ್ಲಿ, ವಿಷಯಗಳನ್ನು ವರ್ಗ ಉಪವರ್ಗಗಳಾಗಿ ಪೇರಿಸಿಡುವ ಪದ್ಧತಿಯೇ ಕೃತಕವಾದದ್ದೆಂದು ದೂರಿದನು. ಮನಸ್ಸು ಹಾಗೆ ನಡೆಯುವುದಿಲ್ಲ. ಒಂದರ ನೆನಪು ಮತ್ತೊಂದನ್ನು ಎಳೆದು ತರುತ್ತದೆ. ಯಂತ್ರವೂ ಹಾಗೆಯೇ ನಡೆಯಲಿ ಎಂಬುದು ಅವನ ಆಶಯ. ಅರುವತ್ತು ವರ್ಷ ಕಳೆಯುವ ಹೊತ್ತಿಗೆ ಅದರ ಒಂದು ಭಾಗವು ಮನೆಗಳಿಗೆ ಬಂತು. ಗೂಗಲ್ ಸಂಸ್ಥೆಯು ೨೦೦೪ರಲ್ಲಿ ಮನೆಯ ಕಂಪ್ಯೂಟರನ್ನು ಶೋಧಿಸುವ ಸಾಧನವೊಂದನ್ನು ಹೊರತಂದಿತು (೨೦೧೧ರಲ್ಲಿ ಅದನ್ನು ನಿಲ್ಲಿಸಿತು); ಆಪಲ್ ಸಂಸ್ಥೆಯ ಯಂತ್ರಗಳಿಗೆ ೨೦೦೫ರಲ್ಲಿ ‘ಸ್ಪಾಟ್‌ಲೈಟ್’ ಬಂತು. ಇವುಗಳ ಯುಕ್ತಿಯು ಸರಳ. ಯಂತ್ರವು ಬಿಡುವಿನ ಹೊತ್ತಿನಲ್ಲಿ ಫೈಲುಗಳನ್ನೆಲ್ಲ ಓದಿಕೊಂಡು, ಪುಸ್ತಕದ ಕೊನೆಯ ಪದಸೂಚಿಯಂತೆ, ಈ ಮಾತು ಈ ಈ ಫೈಲುಗಳಲ್ಲಿದೆಯೆಂದು ಬರೆದಿಟ್ಟುಕೊಳ್ಳುತ್ತದೆ. ಕೇಳಿದೊಡನೆ ಪಟ್ಟಿಯನ್ನು ನೋಡಿ ಉತ್ತರ ಕೊಡುತ್ತದೆ. ಇಷ್ಟಾದ ಮೇಲೆ ಭಾನುವಾರವೆಲ್ಲ ಕುಳಿತು ಫೋಲ್ಡರುಗಳೊಳಗೆ ಫೋಲ್ಡರುಗಳನ್ನು ಕಟ್ಟುವವನು ಕೆಲಸವನ್ನು ಮಾಡುತ್ತಿದ್ದಾನೋ ಕೆಲಸದ ವೇಷವನ್ನು ಹಾಕುತ್ತಿದ್ದಾನೋ? ಬರೆಯಬೇಕಾದದ್ದನ್ನು ಬರೆಯಲು ಮನಸ್ಸು ಬಾರದಾಗ ಬರೆಯದ ಬರೆಹಕ್ಕೆ ಅರೆಗಳನ್ನು ಅಣಿಮಾಡುತ್ತ ಕುಳಿತವರನ್ನು ಎಲ್ಲರೂ ಕಂಡಿದ್ದಾರೆ. ಆಯುಸ್ಸು ಅಲ್ಪ, ಓರಣಕ್ಕೆ ಕೊನೆಯಿಲ್ಲ. ಪೂರ್ವಪಕ್ಷದ ಈ ಮಾತು ಬಹುಮಟ್ಟಿಗೆ ನಿಜ. ಓರಣವು ರುಚಿಯ ವಿಷಯವೆಂದು ಮೊದಲಲ್ಲಿ ಹೇಳಿದ್ದು ಇಲ್ಲಿಯೂ ನಿಲ್ಲುತ್ತದೆ. ಫೋಲ್ಡರುಗಳು ಮೂರಿರಲಿ ಮುನ್ನೂರಿರಲಿ, ಅದರಿಂದ ಯಾರ ಶೀಲವೂ ಅಳೆಯಲ್ಪಡುವುದಿಲ್ಲ.

ಆದರೆ ಶೋಧನೆಯು ಏನನ್ನು ಬಯಸುತ್ತದೆಂಬುದನ್ನು ವಿಚಾರಿಸಬೇಕು. ಅದು ಹುಡುಕುವವನಿಂದ ಒಂದು ಮಾತನ್ನು ಬಯಸುತ್ತದೆ. ಎಂದರೆ, ಹುಡುಕುವವನಿಗೆ ವಸ್ತುವು ಉಂಟೆಂಬ ಜ್ಞಾನವೂ ಅದರೊಳಗೆ ಇಂಥ ಮಾತು ಇದ್ದೀತೆಂಬ ಊಹೆಯೂ ಮೊದಲೇ ಇರಬೇಕು. ಉಂಟೆಂದೇ ತಿಳಿಯದವನು ಏನನ್ನು ಕೇಳಿಯಾನು? ಥಾಮಸ್ ಮೆಲೋನ್ ಎಂಬವರು ಜನರು ತಮ್ಮ ಮೇಜುಗಳ ಮೇಲೆ ಕಾಗದಗಳನ್ನು ಇಟ್ಟುಕೊಳ್ಳುವ ಬಗೆಯನ್ನು ಪರೀಕ್ಷಿಸಿ ೧೯೮೩ರಲ್ಲಿ ಬರೆದರು: ಮೇಜಿನ ಮೇಲಿನ ರಾಶಿಯು ಬರಿಯ ಆಲಸ್ಯದ ಫಲವಲ್ಲ, ಮಾಡಬೇಕಾದ ಕೆಲಸವನ್ನು ನೆನಪಿಸಲೆಂದು ಕಣ್ಣಿಗೆ ಬೀಳುವಲ್ಲಿ ಇಟ್ಟದ್ದೂ ಅದರಲ್ಲಿ ಉಂಟು. ೧೯೯೫ರಲ್ಲಿ ಡೆಬೊರಾ ಬರೋ ಮತ್ತು ಬಾನಿ ನಾರ್ಡಿ ಎಂಬವರು ಕಂಪ್ಯೂಟರಿನ ಫೈಲುಗಳ ವಿಷಯದಲ್ಲಿಯೂ ಇದನ್ನೇ ಕಂಡರು. ಸ್ಥಳವೆಂಬುದು ಹುಡುಕುವುದಕ್ಕೆ ಮಾತ್ರವಲ್ಲ, ಜ್ಞಾಪಿಸುವುದಕ್ಕೂ ಇದೆ. ಶೋಧನೆಯು ಕೇಳಿದ್ದಕ್ಕೆ ಉತ್ತರ ಕೊಡುವ ಸೇವಕ. ಕೇಳದಿದ್ದರೆ ಅದು ಮೂಕ.

ಕನ್ನಡಿಗರ ಮನೆಗಳಲ್ಲಿ ಈ ಸೇವಕನಿಗೆ ಮತ್ತೂ ಕೆಲವು ಊನಗಳಿವೆ. ೧೯೯೮ರಲ್ಲಿ ಬಂದ ‘ಬರಹ’, ಅನಂತರ ಬಂದ ‘ನುಡಿ’ ಮೊದಲಾದ ಸಾಧನಗಳಿಂದ ಕಂಪ್ಯೂಟರಿನಲ್ಲಿ ಕನ್ನಡವನ್ನು ಬರೆಯುವುದು ಸುಲಭವಾಯಿತು. ಅವುಗಳ ಉಪಕಾರವನ್ನು ಮರೆಯತಕ್ಕದ್ದಲ್ಲ. ಆದರೆ ಆ ಕಾಲದ ಪದ್ಧತಿಯಲ್ಲಿ ಬರೆದಿಟ್ಟ ಫೈಲುಗಳಲ್ಲಿ ಕನ್ನಡವು ಓದುವವನ ಕಣ್ಣಿಗೆ ಮಾತ್ರ ಕನ್ನಡ. ಯಂತ್ರದ ಪಾಲಿಗೆ ಅದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಗೋಜಲು. ಅಚ್ಚಿನ ಮೊಳೆಯ ರೂಪವೊಂದೇ ಅದನ್ನು ಕನ್ನಡವೆನಿಸಿತ್ತು. ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಅದರದೇ ಸಂಖ್ಯೆಯನ್ನು ಕೊಟ್ಟ ಯುನಿಕೋಡ್ ೧೯೯೧ರಲ್ಲಿಯೇ ಹುಟ್ಟಿದ್ದರೂ ಅದು ಬಳಕೆಗೆ ಬರಲು ಬಹುಕಾಲ ಹಿಡಿಯಿತು. ಈಗ ಯುನಿಕೋಡಿನಲ್ಲಿ ‘ತೋಟ’ವೆಂದು ಬರೆದು ಹುಡುಕಿದರೆ, ತಂದೆಯು ಇಪ್ಪತ್ತು ವರ್ಷದ ಹಿಂದೆ ತೋಟದ ಪಾಲಿನ ಬಗ್ಗೆ ಬರೆದಿಟ್ಟ ಕಾಗದವು ಸಿಕ್ಕುವುದಿಲ್ಲ. ಕಾಗದ ಅಲ್ಲಿಯೇ ಇದೆ. ಹೊಸ ಬರೆಹವಾದರೂ ವಿಭಕ್ತಿಯ ತೊಂದರೆ ತಪ್ಪಿದ್ದಲ್ಲ: ‘ಊರು’ ಎಂದು ಅಕ್ಷರಕ್ಕೆ ಅಕ್ಷರ ಹೊಂದಿಸಿ ಹುಡುಕುವ ಯಂತ್ರಕ್ಕೆ ‘ಊರಿನ’, ‘ಊರಲ್ಲಿ’ ಎಂಬವು ಬೇರೆಯ ಮಾತುಗಳೇ. ಮೊಬೈಲಿನಿಂದ ತೆಗೆದ ಕ್ರಯಪತ್ರದ ಚಿತ್ರಕ್ಕೆ ಕ್ಯಾಮೆರಾ ಇಟ್ಟ ಹೆಸರು ಮೂರು ಇಂಗ್ಲಿಷ್ ಅಕ್ಷರಗಳೂ ಒಂದು ಸಾಲು ಅಂಕೆಗಳೂ. ಅದರಲ್ಲಿ ಕ್ರಯವೂ ಇಲ್ಲ, ಪತ್ರವೂ ಇಲ್ಲ.

ಇವೆಲ್ಲ ಯಂತ್ರದ ಬಾಲ್ಯದ ದೋಷಗಳು, ನಾಳೆ ಸರಿಹೋಗುತ್ತವೆ ಎನ್ನಬಹುದು. ಹಲವು ಈಗಾಗಲೇ ಸರಿಹೋಗುತ್ತಿವೆ. ಚಿತ್ರದೊಳಗಣ ಅಕ್ಷರಗಳನ್ನು ಓದುವ ಸಾಧನಗಳು ಬಂದಿವೆ. ಹಳೆಯ ಬರೆಹವನ್ನು ಯುನಿಕೋಡಿಗೆ ತಿರುಗಿಸುವ ಉಪಾಯಗಳಿವೆ. ಆಡುಮಾತಿನಲ್ಲಿ ಕೇಳಿದರೂ ಅರ್ಥವನ್ನು ಊಹಿಸಿ ಹುಡುಕುವ ಯಂತ್ರಗಳೂ ಹುಟ್ಟಿವೆ. ಎಲ್ಲವೂ ಸರಿಹೋಯಿತೆಂದೇ ಒಪ್ಪಿದರೂ ಒಂದು ಪ್ರಶ್ನೆ ಉಳಿಯುತ್ತದೆ, ಮತ್ತು ಅದೇ ಮುಖ್ಯವಾದದ್ದು. ಉಯಿಲಿನ ಏಳು ಕರಡುಗಳಿದ್ದಾಗ ರುಜುವಾದದ್ದು ಯಾವುದರ ಪ್ರತಿ? ಎರಡು ಪಾಲಿಸಿಗಳಲ್ಲಿ ಕಂತು ಕಟ್ಟುತ್ತಿರುವುದು ಯಾವುದಕ್ಕೆ, ಕೈಬಿಟ್ಟದ್ದು ಯಾವುದನ್ನು? ಸೋದರನಿಗೆ ಬರೆದ ಕೋಪದ ಕಾಗದವು ಕಳುಹಿಸಿದ್ದೋ, ಬರೆದು ಮನಸ್ಸು ಇಳಿದ ಮೇಲೆ ಬಿಟ್ಟದ್ದೋ? ಬರೆಹವನ್ನು ಎಷ್ಟು ಓದಿದರೂ ಇದು ತಿಳಿಯುವುದಿಲ್ಲ. ಏಕೆಂದರೆ ಅದು ಬರೆಹದೊಳಗಿನ ಸಂಗತಿಯಲ್ಲ. ಇಟ್ಟವನಿಗೆ ಮಾತ್ರ ಗೊತ್ತಿರುವ ಸಂಗತಿ. ಪ್ರಮಾಣಗಳ ಭಾಷೆಯಲ್ಲಿ ಹೇಳುವುದಾದರೆ, ಪ್ರತ್ಯಕ್ಷವೂ ಅನುಮಾನವೂ ಕೈಸೋತ ಈ ಸ್ಥಳದಲ್ಲಿ ಶಬ್ದವೊಂದೇ ಗತಿ. ಫೈಲಿನ ಹೆಸರು ಆಪ್ತವಾಕ್ಯ. ‘ಅಂತಿಮ’ವೆಂದು ಬರೆದವನು ಇದು ಅಂತಿಮವೆಂದು ಸಾಕ್ಷಿ ನುಡಿಯುತ್ತಿದ್ದಾನೆ. ಅದನ್ನು ಕೇಳುವವನು ಪಾಟೀಸವಾಲು ಹಾಕುವಂತಿಲ್ಲ. ಸಾಕ್ಷಿಯು ಆಗ ಎದುರಿಗೆ ಇರುವುದಿಲ್ಲ. ಆದಕಾರಣ ಜೋಡಿಸುವುದು ರುಚಿಯ ವಿಷಯವಾದರೂ ಹೆಸರಿಡುವುದು ಸತ್ಯದ ವಿಷಯವಾಗುತ್ತದೆ. ‘ಅಂತಿಮ’ವಲ್ಲದ್ದಕ್ಕೆ ಅಂತಿಮವೆಂದು ಹೆಸರಿಟ್ಟು, ತಿದ್ದಿದ್ದನ್ನು ಬೇರೆಡೆಗೆ ಇಟ್ಟು, ಹಳೆಯದನ್ನು ಹಾಗೆಯೇ ಬಿಟ್ಟವನು ಬುದ್ಧಿಪೂರ್ವಕವಾಗಿ ಸುಳ್ಳು ಹೇಳಲಿಲ್ಲ, ನಿಜ. ಆದರೆ ಕೇಳಿದವನಿಗೆ ಆದ ಮೋಸವು ಸುಳ್ಳಿನಿಂದ ಆದಷ್ಟೇ.

ಇದರ ತೂಕವು ಯಾವಾಗ ತಿಳಿಯುತ್ತದೆಂದರೆ, ಇಟ್ಟವನು ಮಾತನಾಡಲಾರದಾದಾಗ. ಒಂದು ರಾತ್ರಿ ಮನೆಯ ಯಜಮಾನನಿಗೆ ಪಾರ್ಶ್ವವಾಯು ಬಡಿಯುತ್ತದೆ. ಆಸ್ಪತ್ರೆಯಲ್ಲಿ ವೈದ್ಯರು ಹಿಂದಿನ ಪರೀಕ್ಷೆಗಳ ವರದಿಗಳನ್ನೂ, ಆತನು ತೆಗೆದುಕೊಳ್ಳುತ್ತಿರುವ ಮದ್ದುಗಳ ಪಟ್ಟಿಯನ್ನೂ, ಯಾವ ಮದ್ದು ಆತನಿಗೆ ಒಗ್ಗದೆಂಬುದನ್ನೂ ಕೇಳುತ್ತಾರೆ. ಹಣ ಕಟ್ಟುವ ಕಿಟಕಿಯಲ್ಲಿ ವಿಮೆಯ ಪತ್ರವನ್ನು ಕೇಳುತ್ತಾರೆ. ಎಲ್ಲವೂ ಕಂಪ್ಯೂಟರಿನಲ್ಲಿದೆ ಎಂದು ಆತನು ಹಿಂದೆ ಎಷ್ಟೋ ಸಲ ಹೇಳಿದ್ದುಂಟು. ಹೆಂಡತಿಯು ಮನೆಗೆ ಬಂದು ನಡುರಾತ್ರಿಯಲ್ಲಿ ಅದರ ಮುಂದೆ ಕುಳಿತುಕೊಳ್ಳುತ್ತಾಳೆ. ‘ವಿಮೆ’, ‘ವಿಮೆ ಹೊಸದು’, ‘ವಿಮೆ ಸರಿಯಾದದ್ದು’ ಎಂದು ಮೂರು ಸಿಕ್ಕುತ್ತವೆ. ಶೋಧನೆಯು ಕೆಟ್ಟಿಲ್ಲ, ಬೇಕಾದುದಕ್ಕಿಂತ ಹೆಚ್ಚಾಗಿಯೇ ಹುಡುಕಿಕೊಟ್ಟಿದೆ. ಯಾವುದು ಸಿಂಧುವೆಂದು ಬಲ್ಲ ಮನುಷ್ಯನು ಆಸ್ಪತ್ರೆಯ ಹಾಸಿಗೆಯ ಮೇಲೆ ನಾಲಗೆ ಹೊರಳದೆ ಮಲಗಿದ್ದಾನೆ. ಇಂತಹ ರಾತ್ರಿಗಳು ಎಷ್ಟೋ ಮನೆಗಳಲ್ಲಿ ಕಳೆದಿವೆ. ಆ ಹೊತ್ತಿನಲ್ಲಿ, ಮನೆಯಲ್ಲಿ ಓದುಗರು ಮೂವರೇ ಅಲ್ಲವೆ ಎಂಬ ಆಕ್ಷೇಪಕ್ಕೆ ಏನು ಬೆಲೆ? ಗ್ರಂಥಭಂಡಾರದ ಓದುಗನಿಗೆ ಆ ಪುಸ್ತಕ ಸಿಕ್ಕದಿದ್ದರೆ ಮತ್ತೊಂದನ್ನು ಓದುತ್ತಾನೆ. ಈಕೆಗೆ ಮತ್ತೊಂದಿಲ್ಲ.

ಇಲ್ಲಿ ಅಧಿಕಾರದ ಒಂದು ಮಾತೂ ಸೇರುತ್ತದೆ. ಹಿಂದೆ ಹಳ್ಳಿಯ ಲೆಕ್ಕಪತ್ರಗಳೆಲ್ಲ ಶಾನುಭೋಗನ ಕೈಯಲ್ಲಿದ್ದವು. ಯಾವ ಕಟ್ಟಿನಲ್ಲಿ ಯಾವ ಸರ್ವೇ ನಂಬರಿನ ಸಂಗತಿಯಿದೆಯೆಂಬುದು ಅವನೊಬ್ಬನಿಗೆ ತಿಳಿದಿದ್ದರೆ, ಅವನ ಅವ್ಯವಸ್ಥೆಯೇ ಅವನ ಆಸ್ತಿಯಾಗುತ್ತಿತ್ತು. ರೈತನು ತನ್ನ ಹೊಲದ ವಿಷಯವನ್ನು ತಿಳಿಯಲು ಅವನ ಜಗಲಿಯ ಮೇಲೆ ಕಾಯಬೇಕಾಗಿತ್ತು. ಒಳ್ಳೆಯ ಶಾನುಭೋಗರೂ ಇದ್ದರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಬ್ಬನ ಒಳ್ಳೆಯತನದ ಮೇಲೆ ಊರೆಲ್ಲ ನಿಂತಿರುವುದು ವ್ಯವಸ್ಥೆಯಲ್ಲ. ಇಂದು ಅನೇಕ ಮನೆಗಳಲ್ಲಿ ಕಂಪ್ಯೂಟರನ್ನು ಬಲ್ಲವನು ಒಬ್ಬನೇ. ಗಂಡನೋ ಮಗನೋ ಆಗಿರುತ್ತಾನೆ. “ನಿಮಗೆ ಅದೆಲ್ಲ ಅರ್ಥವಾಗುವುದಿಲ್ಲ, ನನ್ನನ್ನು ಕೇಳಿ” ಎಂದು ತಾಯಿಗೆ ಹೇಳುವ ಮಗನು ಕೆಟ್ಟವನಲ್ಲ; ತಾನು ಜಗಲಿಯ ಶಾನುಭೋಗನಾಗಿದ್ದೇನೆಂಬುದು ಅವನಿಗೆ ತೋರುವುದಿಲ್ಲ, ಅಷ್ಟೆ. ಇತರರು ಓದಬಲ್ಲ ಹೆಸರನ್ನು ಇಡುವುದೆಂದರೆ ಆ ಜಗಲಿಯಿಂದ ಕೆಳಗಿಳಿಯುವುದು.

ಹಾಗಾದರೆ ಮನುಷ್ಯನಿಗೆ ತನ್ನದೆಂಬ ಗುಟ್ಟು ಇರಬಾರದೆ? ಇರಬಹುದು, ಇರಲೂಬೇಕು. ಬೀಗ ಹಾಕಿದ ಪೆಟ್ಟಿಗೆಯು ಯಾರಿಗೂ ಸುಳ್ಳು ಹೇಳುವುದಿಲ್ಲ. ಇದು ನಿನ್ನದಲ್ಲವೆಂದು ಮಾತ್ರ ಹೇಳುತ್ತದೆ. ಮುಚ್ಚಿಡುವುದು ಬೇರೆ, ದಾರಿತಪ್ಪಿಸುವುದು ಬೇರೆ. ಮನೆಯ ಸಾಲದ ಪತ್ರವನ್ನು ‘ಹಳೆಯ ಹಾಡುಗಳು’ ಎಂಬ ಫೋಲ್ಡರಿನಲ್ಲಿ ಹುದುಗಿಸುವುದು ಎರಡನೆಯ ಜಾತಿಗೆ ಸೇರಿದ್ದು.

ಎಲ್ಲವನ್ನೂ ಇಟ್ಟುಕೊಳ್ಳುವವನ ವಿಷಯವೂ ಇದಕ್ಕೆ ಹತ್ತಿರದ್ದೇ. ೧೯೫೬ರಲ್ಲಿ ಐ. ಬಿ. ಎಂ. ಸಂಸ್ಥೆಯು ಮಾಡಿದ ಮೊದಲ ತಟ್ಟೆಯಂತ್ರದಲ್ಲಿ ಐವತ್ತು ತಟ್ಟೆಗಳಿದ್ದವು. ಒಂದು ಟನ್ನಿಗೂ ಮಿಗಿಲಾದ ಅದರಲ್ಲಿ ಹಿಡಿಯುತ್ತಿದ್ದದ್ದು ಸುಮಾರು ೫೦ ಲಕ್ಷ ಅಕ್ಷರಗಳು. ಇಂದು ಅಂಗೈಯಲ್ಲಿ ಹಿಡಿಯುವ ಪೆಟ್ಟಿಗೆಯಲ್ಲಿ ಒಂದು ಲಕ್ಷ ಕೋಟಿ ಹಿಡಿಯುತ್ತವೆ. ಸ್ಥಳವು ದುರ್ಲಭವಾಗಿದ್ದಾಗ ಇದು ಬೇಕೋ ಬೇಡವೋ ಎಂದು ತೀರ್ಮಾನಿಸದೆ ವಿಧಿಯಿರಲಿಲ್ಲ. ಈಗ ತೀರ್ಮಾನವನ್ನು ಮುಂದಕ್ಕೆ ಹಾಕಬಹುದು. ಕೊನೆಗೆ ಅದು ಮಕ್ಕಳ ಪಾಲಿಗೆ ಬೀಳುತ್ತದೆ. ಒಂದೇ ಹಬ್ಬದ ನಾನೂರು ಚಿತ್ರಗಳನ್ನು ಬಿಟ್ಟುಹೋದವನು ನೆನಪನ್ನು ಬಿಟ್ಟುಹೋದನೆಂದು ಭಾವಿಸಿರಬಹುದು. ಬಿಟ್ಟದ್ದು ಕೆಲಸವನ್ನು. ಅಂಚಿನಲ್ಲಿ ನಿಂತಿರುವ ಮುದುಕಿ ಯಾರೆಂದು ಒಂದೇ ಒಂದು ಚಿತ್ರದ ಹೆಸರಿನಲ್ಲಿ ಬರೆದಿದ್ದರೆ ಉಳಿದ ಮುನ್ನೂರ ತೊಂಬತ್ತೊಂಬತ್ತನ್ನು ಕ್ಷಮಿಸಬಹುದಾಗಿತ್ತು.

ಕಟ್ಟನ್ನು ಬಿಚ್ಚಿ ಓದಿ, ಇದು ಇಂಥದೆಂದು ಹೇಳುವವನ ಉಪಕಾರವು ಎಷ್ಟರದೆಂಬುದಕ್ಕೆ ಮೈಸೂರಿನಲ್ಲಿಯೇ ದೃಷ್ಟಾಂತವುಂಟು. ಕೌಟಿಲ್ಯನ ಅರ್ಥಶಾಸ್ತ್ರದ ಹೆಸರು ವಿದ್ವಾಂಸರಿಗೆ ಗೊತ್ತಿತ್ತು. ಗ್ರಂಥವು ಎಲ್ಲಿದೆಯೆಂಬುದು ಗೊತ್ತಿರಲಿಲ್ಲ. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಕೊಟ್ಟ ತಾಳೆಯೋಲೆಯ ಪ್ರತಿಯಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ೧೯೦೫ರಲ್ಲಿ ಗುರುತಿಸಿದರು. ೧೯೦೯ರಲ್ಲಿ ಮೂಲವೂ ೧೯೧೫ರಲ್ಲಿ ಇಂಗ್ಲಿಷ್ ಅನುವಾದವೂ ಅಚ್ಚಾದವು. ಆ ಓಲೆಗಳು ಅದಕ್ಕೆ ಮುಂಚೆಯೂ ಇದ್ದವು. ಗೃಹಸ್ಥನ ಕಂಪ್ಯೂಟರಿನಲ್ಲಿ ಅರ್ಥಶಾಸ್ತ್ರವಿರುವುದಿಲ್ಲ, ಹಾಲಿನ ಲೆಕ್ಕವೂ ಸಾಲದ ಲೆಕ್ಕವೂ ಇರುತ್ತವೆ. ಆದರೆ ಅವನ ಮನೆಗೆ ಶಾಮಶಾಸ್ತ್ರಿಗಳು ಬರುವುದೂ ಇಲ್ಲ.

ಆದುದರಿಂದ ಬೇಕಾದದ್ದು ಬಹಳವಿಲ್ಲ. ತಾರೀಖನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಮುಂದೆ ಬರೆದರೆ ಯಂತ್ರವು ತಾನಾಗಿಯೇ ಕಾಲಾನುಕ್ರಮವಾಗಿ ನಿಲ್ಲಿಸುತ್ತದೆ. ಅದರ ಮುಂದೆ ಯಾರದು, ಏನು, ನಡೆಯುತ್ತಿದೆಯೋ ಮುಗಿಯಿತೋ ಎಂದು ನಾಲ್ಕು ಮಾತು. ಕೆಲಸಕ್ಕೆ ಬಾರದ ಕರಡನ್ನು ತನ್ನ ಕೈಯಿಂದಲೇ ಅಳಿಸುವುದು. ಯಾವುದು ಎಲ್ಲಿದೆಯೆಂಬ ಒಂದು ಪುಟವನ್ನು ಕಾಗದದ ಮೇಲೆ ಬರೆದು, ಮನೆಯ ಪತ್ರಗಳಿರುವ ಕಪಾಟಿನಲ್ಲಿ ಇಡುವುದು. ಫೋಲ್ಡರುಗಳ ವಿಷಯ ಅವರವರ ಇಷ್ಟ.

ಆಸ್ಪತ್ರೆಯಿಂದ ಆ ಯಜಮಾನನು ಮನೆಗೆ ಬಂದನೆಂದೇ ಭಾವಿಸಬಹುದು. ಎಲ್ಲ ಪಾರ್ಶ್ವವಾಯುವೂ ಕೊಲ್ಲುವುದಿಲ್ಲ. ಮಾತು ತೊದಲುತ್ತದೆ, ಬಲಗೈ ಏಳುವುದಿಲ್ಲ, ಬುದ್ಧಿ ತಿಳಿಯಾಗಿದೆ. ಮಧ್ಯಾಹ್ನದ ಹೊತ್ತು ಹೆಂಡತಿಯು ಕಂಪ್ಯೂಟರನ್ನು ಹಾಸಿಗೆಯ ಮಗ್ಗುಲಿಗೆ ತಂದು ಒಂದೊಂದೇ ಫೈಲನ್ನು ತೆರೆದು ತೋರಿಸುತ್ತಾಳೆ. ಆತನು ತಲೆಯಾಡಿಸುತ್ತಾನೆ, ಇಲ್ಲವೆ ಎಡಗೈಯನ್ನು ಬೀಸುತ್ತಾನೆ. ದಿನಕ್ಕೆ ಹತ್ತೋ ಹನ್ನೆರಡೋ ಮುಗಿಯುತ್ತವೆ. ‘ಹೊಸ ಫೋಲ್ಡರು ೩’ ಎಂಬುದನ್ನು ಆಕೆಯು ಆ ರಾತ್ರಿ ತೆರೆಯದೆ ಬಿಟ್ಟಿದ್ದಳು, ಈಗಲೂ ತೆರೆದಿಲ್ಲ. ಅದರ ಮೇಲೆ ಬೆರಳಿಟ್ಟು, “ಇದಕ್ಕೆ ಏನೆಂದು ಹೆಸರು ಬರೆಯಲಿ?” ಎಂದು ಕೇಳುತ್ತಾಳೆ. ಆತನು ಬಹಳ ಹೊತ್ತು ಯೋಚಿಸುತ್ತಾನೆ.